‘ಭಾರ ಎತ್ತಬೇಡ’ ಎಂಬ ಬುದ್ಧಿಮಾತಿನ ಪರೀಕ್ಷೆ

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದ ಹೆಂಗಸಿಗೆ ಎಲ್ಲರೂ ಹೇಳುವುದು ಒಂದೇ, ಆ ಕೈಯಲ್ಲಿ ಭಾರ ಎತ್ತಬೇಡ ಅಂತ. ನೀರಿನ ಕೊಡ, ತರಕಾರಿ ಚೀಲ, ಎತ್ತಿಕೋ ಎಂದು ಕೈಚಾಚುವ ಮೊಮ್ಮಗು ಎಲ್ಲವೂ ನಿಷಿದ್ಧ. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದರೆ ಅಥವಾ ಅಲ್ಲಿಗೆ ವಿಕಿರಣ ಕೊಟ್ಟರೆ ತೋಳಿನ ದುಗ್ಧರಸ ಹರಿಯುವ ದಾರಿ ಕೆಡುತ್ತದೆ, ಕೈ ಬಾತುಕೊಳ್ಳಬಹುದು. ಆದ್ದರಿಂದ ಭಯ ಸಹಜವೇ. ಆದರೆ ಅದಕ್ಕೆ ಪುರಾವೆ ಇರಲಿಲ್ಲ.

ದುಗ್ಧರಸವನ್ನು ತಳ್ಳಲು ಹೃದಯದಂಥ ಪಂಪು ಇಲ್ಲ. ನಾಳಗಳ ಮಿಡಿತದ ಜೊತೆಗೆ ಸ್ನಾಯುಗಳ ಬಿಗಿತ-ಸಡಿಲ, ಆಳವಾದ ಉಸಿರಾಟ ಅದನ್ನು ಸಾಗಿಸುತ್ತವೆ. ಇದನ್ನು ನಂಬಿಯೇ ಕೆನಡಾದ ವ್ಯಾಂಕೂವರಿನಲ್ಲಿ ವೈದ್ಯ ಡಾನ್ ಮೆಕೆಂಜಿ 1996ರಲ್ಲಿ ಚಿಕಿತ್ಸೆ ಮುಗಿಸಿದ 24 ಹೆಂಗಸರ ಕೈಗೆ ಡ್ರ್ಯಾಗನ್ ದೋಣಿಯ ಹುಟ್ಟು ಕೊಟ್ಟರು. ಯಾರಿಗೂ ಹೊಸದಾಗಿ ಬಾವು ಬರಲಿಲ್ಲ. ಧೈರ್ಯದ ಕೆಲಸ; ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ.

ಆ ಕೊರತೆ ತುಂಬಿದ್ದು ಅಮೆರಿಕದಲ್ಲಿ ಕ್ಯಾಥರಿನ್ ಶ್ಮಿಟ್ಜ್ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗ. ಆಗಲೇ ತೋಳು ಬಾತಿದ್ದ 141 ಹೆಂಗಸರಲ್ಲಿ ಒಂದು ಗುಂಪು ವಾರಕ್ಕೆರಡು ಸಲ, ಒಂದು ವರ್ಷ ಭಾರ ಎತ್ತಿತು. ಬಾವು ಶೇ. 5 ಅಥವಾ ಅದಕ್ಕಿಂತ ಹೆಚ್ಚು ಏರಿದವರು ಆ ಗುಂಪಿನಲ್ಲಿ ಶೇ. 11, ಎತ್ತದವರಲ್ಲಿ ಶೇ. 12. ಬಾವಿನ ತೊಂದರೆ ಉಲ್ಬಣಿಸಿದವರು ಅನುಕ್ರಮವಾಗಿ ಶೇ. 14 ಮತ್ತು ಶೇ. 29. ಎತ್ತಿದವರ ಕೈಗೆ ಬಲವೂ ಬಂತು. ನನಗೆ ಅಂಕಿಗಳಿಗಿಂತ ಮೆಚ್ಚುಗೆಯಾದದ್ದು ಅವರ ತಾಳ್ಮೆ. ತೀರಾ ಕಡಿಮೆ ಭಾರದಿಂದ ಶುರು. ಕೈಯಲ್ಲಿ ಏನೂ ತೊಂದರೆ ಇಲ್ಲವೆಂದು ಖಾತ್ರಿಯಾದರೆ ಮಾತ್ರ ಸ್ವಲ್ಪ ಹೆಚ್ಚಿಸುವುದು. ವ್ಯಾಯಾಮದ ಹೊತ್ತಿಗೆ ಅಳತೆಗೆ ಹೊಲಿಸಿದ ಬಿಗಿ ತೋಳುಚೀಲ. ಮೊದಲ 13 ವಾರ ತರಬೇತುದಾರರ ಕಣ್ಗಾವಲು.

ಈ ಕಣ್ಗಾವಲನ್ನು ಕೈಬಿಟ್ಟು ಬರೀ ‘ಭಾರ ಎತ್ತಿದರೆ ವಾಸಿ’ ಎಂದು ಸಾರುವವರನ್ನು ನಾನು ಒಪ್ಪಲಾರೆ. ಆ ಪ್ರಯೋಗ ಬಾವು ಕರಗುತ್ತದೆ ಎಂದು ಹೇಳಲೇ ಇಲ್ಲ, ಹೆಚ್ಚುವುದಿಲ್ಲ ಎಂದಿತು. ಅದೇ ಶ್ಮಿಟ್ಜ್ ತೂಕ ಹೆಚ್ಚಿದ್ದ 351 ಹೆಂಗಸರ ಮೇಲೆ ಮನೆಯಲ್ಲೇ ಮಾಡುವ ವ್ಯಾಯಾಮ ಮತ್ತು ತೂಕ ಇಳಿಕೆಯನ್ನು ಪರೀಕ್ಷಿಸಿ, 2019ರಲ್ಲಿ ಪ್ರಕಟಿಸಿದಾಗ ಬಾವಿನಲ್ಲಿ ಗುಣ ಕಾಣಲಿಲ್ಲ. ಎರಡು ಪ್ರಯೋಗಗಳ ಹೆಂಗಸರು ಬೇರೆ ಬೇರೆ, ನಿಜ. ಆದರೂ ಪಕ್ಕದಲ್ಲಿ ನಿಂತು ತಿದ್ದುವವರು ಬೇಕು ಎಂಬ ನನ್ನ ಅನುಮಾನ ಬಲವಾಗುತ್ತದೆ.

ಗೋಡೆಯ ಮೇಲೆ ಬೆರಳು ನಡೆಸಿ ಭುಜ ಸಡಿಲಿಸುವ ವ್ಯಾಯಾಮ ಒಳ್ಳೆಯದೇ, ಅಲ್ಲಿಗೇ ನಿಲ್ಲಿಸಬಾರದು. ಆ ಹಂತ ದಾಟಿದವರಿಗೆ ಫಿಸಿಯೋಥೆರಪಿಸ್ಟ್ ಎದುರಿಗೆ ನಿಂತು ಭಾರ ಎತ್ತುವುದನ್ನು ಕಲಿಸಬೇಕು, ತೋಳಿನ ಸುತ್ತಳತೆಯನ್ನು ಟೇಪಿನಿಂದ ಅಳೆದು ಬರೆದಿಡಬೇಕು. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ವ್ಯಾಯಾಮ ನಿಲ್ಲಿಸಿ ಅಂದೇ ವೈದ್ಯರ ಬಳಿ ಹೋಗಬೇಕು.