ಎಂಟರಲ್ಲಿ ಒಬ್ಬಳು

ಅಮೆರಿಕದಿಂದ ಅಣ್ಣ ತಂದುಕೊಟ್ಟ ಕ್ಯಾಸೆಟ್‌ನಲ್ಲಿ ಮಗ ‘ಡೈನೋಸಾಸರ್ಸ್’ ನೋಡುವಾಗ ನಾನು ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದೆ. 1987ರಲ್ಲಿ ಬಂದು 65 ಕಂತುಗಳಿಗೇ ಮುಗಿದ ಆ ಕಾರ್ಟೂನು ಈಗ ಹೆಚ್ಚು ಜನಕ್ಕೆ ನೆನಪಿಲ್ಲ. ಮೊನ್ನೆ ಮೊಮ್ಮಗಳ ಜೊತೆ ಕೂತು ಮತ್ತೆ ನೋಡಿದೆ.

ಕಥೆ ಸರಳ. ಡೈನೋಸಾರ್‌ಗಳು ಅಳಿಯದೆ ಬುದ್ಧಿವಂತರಾಗಿ ಬೆಳೆದ ಗ್ರಹ ರೆಪ್ಟಿಲಾನ್. ಅಲ್ಲಿಂದ ಬಂದ ಅಲ್ಲೋನ ತಂಡಕ್ಕೂ ಜೆಂಘಿಸ್ ರೆಕ್ಸ್‌ನ ದುಷ್ಟಕೂಟಕ್ಕೂ ನಮ್ಮ ಭೂಮಿಯ ಮೇಲೆ ಕಾಳಗ. ಪಾಠ ಹೇಳುವವಳ ಕಣ್ಣಿಗೆ ತಪ್ಪು ಬೇಗ ಬೀಳುತ್ತದೆ. ಡಿಮೆಟ್ರೋ, ಇಕ್ತಿಯೋ ಯಾವ ಪ್ರಾಣಿಗಳ ಹೆಸರು ಹೊತ್ತಿದ್ದಾರೋ ಅವು ಡೈನೋಸಾರ್‌ಗಳೇ ಅಲ್ಲ! ಹೋಗಲಿ, ಕ್ಷಮಿಸೋಣ.

ನಾನು ಮೆಚ್ಚಿದ್ದು ಬೇರೆ. ಕಷ್ಟ ಬಂದಾಗ ಈ ವೀರರು ಪೂರ್ವಜರ ದೈತ್ಯರೂಪ ತಾಳುತ್ತಾರೆ; ಆದರೆ ಬುದ್ಧಿಯನ್ನು ಮಾತ್ರ ಕಳೆದುಕೊಳ್ಳುವುದಿಲ್ಲ. ಸಿಟ್ಟು ಬಂದೊಡನೆ ಬೆತ್ತ ಹಿಡಿಯುತ್ತಿದ್ದ ನನಗೆ ಅದು ಅಂದೇ ಅರ್ಥವಾಗಬೇಕಿತ್ತು. ನೀವೂ ಅಮ್ಮಂದಿರೇ, ನಿಮಗೆ ಗೊತ್ತು.

ಕ್ಷಮಿಸಲಾಗದ್ದು ಒಂದಿದೆ. ತಂಡದ ಎಂಟು ವೀರರಲ್ಲಿ ಹೆಣ್ಣು ಟೆರಿಕ್ಸ್ ಒಬ್ಬಳೇ. “ಅಜ್ಜಿ, ಇವಳ ಜೊತೆಗೆ ಇನ್ನೊಬ್ಬಳು ಯಾಕಿಲ್ಲ?” ಎಂದಳು ಮೊಮ್ಮಗಳು. ಅಂದು ಮಗ ಅದನ್ನು ಕೇಳಿರಲಿಲ್ಲ. ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದ ನಾನೂ ಕೇಳಿರಲಿಲ್ಲ.