ಜಡ್ಜ್ ಸಾಹೇಬರ ಖಾನೆಯಲ್ಲೊಂದು ರಿವಾಲ್ವರ್

ನ್ಯಾಯಾಧೀಶರ ಮೇಲೆ ಎಲ್ಲಾದರೂ ಹಲ್ಲೆಯಾಯಿತೆಂಬ ಸುದ್ದಿ ಬಂದರೆ ಸಾಕು, ಮರುದಿನ ಒಂದು ಮಾತು ತಪ್ಪದೆ ಕೇಳುತ್ತದೆ: ‘ಜಡ್ಜ್ ಸಾಹೇಬ್ರಿಗೂ ಒಂದು ರಿವಾಲ್ವರ್ ಕೊಡಬೇಕ್ರಿ.’ ನಮ್ಮ ಕಂಪ್ಲಿ ಸೀಮೆಯ ಮೆಟ್ರಿ ಹಳ್ಳಿಯ ಕಟ್ಟೆಯ ಮೇಲೂ ಅದೇ ಮಾತು, ಹೊಸಪೇಟೆಯಲ್ಲಿ ತಾರೀಕಿಗೆ ಬಂದು ಮರದ ನೆರಳಿಗೆ ಕೂತವರ ನಡುವೆಯೂ ಅದೇ ಮಾತು. ಬದುವಿನ ಜಗಳ, ಪಾಲಿನ ದಾವೆ ಹಿಡಿದು ವರ್ಷಗಟ್ಟಲೆ ಕೋರ್ಟು ಅಲೆದವರಿಗೆ ಎದುರು ಪಕ್ಷದವನ ಸಿಟ್ಟು ಎಂಥದೆಂದು ಗೊತ್ತು. ಹಾಗಾಗಿ ಈ ಮಾತನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಕಪ್ಪು ಕೋಟಿನವರಲ್ಲೂ ಹಲವರು ಇದನ್ನು ಒಪ್ಪುತ್ತಾರೆ. ಒಪ್ಪಿದ ಮೇಲೆ ಚರ್ಚೆ ಯಾವ ಗನ್ ಚೆನ್ನ ಎಂಬ ಕಡೆ ಹೊರಳುತ್ತದೆ. ನಮ್ಮವರಿಗೆ ಅದೂ ಇಷ್ಟದ ವಿಷಯ.

ಹಾಗಾದರೆ ಮೊದಲು ಅದನ್ನೇ ನೋಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆ ನ್ಯಾಯಾಧೀಶರಿಗೆ ಬೇರೆ, ರೈತನಿಗೆ ಬೇರೆ ಎಂದು ಆತ್ಮರಕ್ಷಣೆಯ ಅಂಗಡಿ ತೆರೆದಿಲ್ಲ. ಅರ್ಜಿ ಹಾಕಬೇಕು, ಪೊಲೀಸ್ ವರದಿ ಬರಬೇಕು, ಪರವಾನಗಿ ಸಿಗಬೇಕು. 9 ಎಂ.ಎಂ., .38, .45 ಇವೆಲ್ಲ ನಿಷೇಧಿತ ಬೋರಿನವು. ಸಾಮಾನ್ಯವಾಗಿ ಕೈಗೆ ಸಿಗುವುದು .32. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ‘ನಿರ್ಭೀಕ್’ ಎಂಬ .32 ರಿವಾಲ್ವರ್ ಹೊರತಂದಿತು. ತೂಕ ಅರ್ಧ ಕಿಲೋದಷ್ಟು, ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಮಹಿಳೆಯರ ರಕ್ಷಣೆಗೆಂದು ಅದರ ಪ್ರಚಾರ ನಡೆಯಿತು. ರಿವಾಲ್ವರ್ ಪರ ವಾದಿಸುವವರಲ್ಲಿ ತರ್ಕವಿಲ್ಲವೆಂದಲ್ಲ: ಗುಂಡು ತುಂಬಿ ತಿಂಗಳುಗಟ್ಟಲೆ ಖಾನೆಯಲ್ಲಿಟ್ಟರೂ ಕೆಡುವುದಿಲ್ಲ, ಪಿಸ್ತೂಲಿನಂತೆ ಮ್ಯಾಗಜೀನು, ಸೇಫ್ಟಿ ಎಂಬ ತಕರಾರಿಲ್ಲ, ಕುದುರೆ ಒತ್ತಿದರೆ ಹಾರುತ್ತದೆ. ಅಭ್ಯಾಸಕ್ಕೆ ಪುರುಸೊತ್ತಿಲ್ಲದ ಮನುಷ್ಯನಿಗೆ ಅದೇ ಸರಿ ಎನ್ನುತ್ತಾರೆ. ಗನ್ನಿನ ಮಟ್ಟಿಗೆ ಅವರು ಹೇಳುವುದು ನಿಜ. ಅವರು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟಿರುವುದು ಕೋರ್ಟ್ ಹಾಲನ್ನು.

ನಮ್ಮ ಕೆಳ ಕೋರ್ಟುಗಳ ಒಳಗೊಮ್ಮೆ ನಿಂತು ನೋಡಿ. ಎತ್ತರದ ಪೀಠ. ಅದರ ಬುಡದಲ್ಲೇ, ನ್ಯಾಯಾಧೀಶರಿಗೆ ಅಡ್ಡಲಾಗಿ, ಬೆಂಚ್ ಕ್ಲರ್ಕ್ ಮತ್ತು ಸ್ಟೆನೋ. ಮುಂದೆ ವಕೀಲರ ಮೇಜು. ಪಕ್ಕದಲ್ಲಿ ಕಟಕಟೆ. ಅದರ ಹಿಂದೆ ಕಕ್ಷಿದಾರರು, ಸಾಕ್ಷಿಗಳು, ಕೈದಿಯನ್ನು ಕರೆತಂದ ಪೊಲೀಸರು, ಬಾಗಿಲ ತನಕ ಜನ. ಪೀಠದಿಂದ ಎತ್ತ ಗುರಿಯಿಟ್ಟರೂ ಗುಂಡಿನ ದಾರಿಯಲ್ಲಿ ನಾಲ್ಕು ಜನ ನಿರಪರಾಧಿಗಳು ಇದ್ದೇ ಇರುತ್ತಾರೆ. 2021ರ ಸೆಪ್ಟೆಂಬರ್ 24ರಂದು ದೆಹಲಿಯ ರೋಹಿಣಿ ಕೋರ್ಟಿನಲ್ಲಿ ಜಿತೇಂದರ್ ಗೋಗಿ ಎಂಬ ಆರೋಪಿಯನ್ನು ಗುಂಡಿಟ್ಟು ಕೊಂದ ಇಬ್ಬರೂ ವಕೀಲರ ವೇಷದಲ್ಲಿ ಬಂದಿದ್ದರು. ಪೊಲೀಸರು ಅವರಿಬ್ಬರನ್ನೂ ಅಲ್ಲೇ ಹೊಡೆದುರುಳಿಸಿದರು. ಆ ಹೊತ್ತು ಪೀಠದಲ್ಲಿದ್ದವರ ಬಳಿ ನಿರ್ಭೀಕೋ ಇನ್ನೊಂದೋ ಇತ್ತೆಂದೇ ಇಟ್ಟುಕೊಳ್ಳಿ. ಎಲ್ಲರೂ ಕಪ್ಪು ಕೋಟು ತೊಟ್ಟಿರುವ ಹಾಲಿನಲ್ಲಿ ಅವರು ಯಾರತ್ತ ಗುರಿಯಿಡಬೇಕಿತ್ತು? ಪೊಲೀಸರ ಕಣ್ಣಿಗೆ ಗನ್ ಹಿಡಿದ ಇನ್ನೊಬ್ಬರಾಗಿ ಅವರೇ ಕಾಣುತ್ತಿರಲಿಲ್ಲವೆ?

ಚಾಕುವಿನ ಮಾತು ಇನ್ನೂ ಹತ್ತಿರದ್ದು. 2018ರ ಮಾರ್ಚ್ 7ರಂದು ಬೆಂಗಳೂರಿನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಪಿ. ವಿಶ್ವನಾಥ ಶೆಟ್ಟಿಯವರನ್ನು ಅವರ ಕಚೇರಿಯಲ್ಲೇ ಒಬ್ಬ ಇರಿದ. ಅವನು ಗಣಿಧಣಿಗಳು ಕಳಿಸಿದ ಬಂಟನಲ್ಲ. ತನ್ನ ದೂರುಗಳನ್ನು ಮುಕ್ತಾಯಗೊಳಿಸಿದರೆಂದು ಸಿಟ್ಟಾಗಿದ್ದ ಒಬ್ಬ ದೂರುದಾರ. ಹೆಸರು ಬರೆಸಿಯೇ ಒಳಗೆ ಬಂದಿದ್ದ. ಮೇಜಿನ ಆಚೆಯಿಂದ ಈಚೆಗೆ ಬರಲು ಅವನಿಗೆ ಬೇಕಾದದ್ದು ಎರಡು ಹೆಜ್ಜೆ. ಖಾನೆ ಎಳೆದು, ಗನ್ ತೆಗೆದು, ಎತ್ತಿ, ಗುರಿಯಿಡುವ ಹೊತ್ತಿಗೆ ಇರಿತ ಮುಗಿದಿರುತ್ತಿತ್ತು. ಅಂದು ಬಾಗಿಲಲ್ಲಿದ್ದ ಮೆಟಲ್ ಡಿಟೆಕ್ಟರ್ ಕೆಲಸ ಮಾಡುತ್ತಿರಲಿಲ್ಲ ಎಂಬುದು ಆಮೇಲೆ ಹೊರಬಿತ್ತು. ಅಲ್ಲಿ ಇಲ್ಲದೆ ಹೋದದ್ದು ಬಾಗಿಲ ತಪಾಸಣೆ. ನ್ಯಾಯಮೂರ್ತಿಗಳು ಚೇತರಿಸಿಕೊಂಡು ಮತ್ತೆ ಅದೇ ಕುರ್ಚಿಗೆ ಮರಳಿದರು.

ಗನ್ ಪರವಾಗಿರುವವರು ಯೋಚಿಸದ ಇನ್ನೊಂದು ಸಂಗತಿಯಿದೆ: ಕೋರ್ಟಿನೊಳಗೆ ಬಂದ ಗನ್ ಕೊನೆಗೆ ಯಾರ ಕೈ ಸೇರುತ್ತದೆ ಎಂಬುದು. ಅಮೆರಿಕದ ಅಟ್ಲಾಂಟಾದಲ್ಲಿ 2005ರ ಮಾರ್ಚ್ 11ರಂದು ಬ್ರಯಾನ್ ನಿಕೋಲ್ಸ್ ಎಂಬ ವಿಚಾರಣಾಧೀನ ಕೈದಿ ಕಾವಲಿನ ಮಹಿಳಾ ಅಧಿಕಾರಿಯನ್ನು ಹೊಡೆದುರುಳಿಸಿ, ಆಕೆ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದ ಪಿಸ್ತೂಲನ್ನೇ ತೆಗೆದುಕೊಂಡ. ಆಮೇಲೆ ಪೀಠದಲ್ಲಿ ಕೂತಿದ್ದ ನ್ಯಾಯಾಧೀಶ ರೋಲಂಡ್ ಬಾರ್ನ್ಸ್ ಅವರನ್ನೂ ಕೋರ್ಟಿನ ಸ್ಟೆನೋವನ್ನೂ ಕೊಂದ. ಹೊರಗಿನಿಂದ ಒಂದು ಗುಂಡೂ ಒಳಗೆ ಬಂದಿರಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಗುರುಗ್ರಾಮದ ಹೆಚ್ಚುವರಿ ಸೆಷನ್ಸ್ ನ್ಯಾಯಾಧೀಶರೊಬ್ಬರ ಹೆಂಡತಿ ಮತ್ತು ಮಗನನ್ನು ಹಾಡುಹಗಲು ಪೇಟೆಯಲ್ಲಿ ಗುಂಡಿಟ್ಟು ಕೊಂದವನು ಅವರಿಗೇ ಸರ್ಕಾರ ಕೊಟ್ಟಿದ್ದ ಗನ್‌ಮ್ಯಾನ್. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕೆಂಟಕಿಯ ಲೆಚರ್ ಕೌಂಟಿಯಲ್ಲಿ ನ್ಯಾಯಾಧೀಶ ಕೆವಿನ್ ಮಲಿನ್ಸ್ ತಮ್ಮ ಚೇಂಬರಿನಲ್ಲೇ ಗುಂಡಿಗೆ ಬಲಿಯಾದರು. ಆರೋಪಿಯಾಗಿ ಬಂಧಿತನಾದವನು ಅದೇ ಕೌಂಟಿಯ ಶೆರಿಫ್. ಬೇಲಿಯೇ ಎದ್ದು ಹೊಲ ಮೇಯುವ ಈ ಕಥೆಗಳನ್ನು ಪಕ್ಕಕ್ಕಿಟ್ಟು ಇನ್ನೊಂದು ಬೇಲಿಗೆ ಮುಳ್ಳು ಕಟ್ಟೋಣ ಎನ್ನುವುದು ಯಾವ ಜಾಣತನ?

ಇಷ್ಟಕ್ಕೂ ಕೋರ್ಟುಗಳಲ್ಲಿ ಗನ್ನುಗಳಿಗೆ ಕೊರತೆಯಿಲ್ಲ. ಮುದ್ದೆಮಾಲಿನ ಕೋಣೆಯಲ್ಲಿ ಅರಗಿನ ಮುದ್ರೆ ಹೊತ್ತು, ಚೀಟಿ ಕಟ್ಟಿಸಿಕೊಂಡು ಬೇಕಾದಷ್ಟು ಮಲಗಿವೆ. ಕೋರ್ಟಿನಲ್ಲಿ ಗನ್ನಿಗೆ ಇರಬೇಕಾದ ಸ್ಥಾನ ಅದೇ.

ನ್ಯಾಯಾಧೀಶರು ಗುಂಡು ಹಾರಿಸಿಯೇಬಿಟ್ಟರು, ಅದು ತಾಗಬೇಕಾದವನಿಗೇ ತಾಗಿತು ಎಂದುಕೊಳ್ಳೋಣ. ಆಮೇಲೇನು? ಎಫ್‌ಐಆರ್ ಆಗುತ್ತದೆ. ಆತ್ಮರಕ್ಷಣೆಯ ಹಕ್ಕು ಎಲ್ಲರಿಗೂ ಇದೆ, ಸರಿ. ಆದರೆ ಅದು ಆತ್ಮರಕ್ಷಣೆಯೇ ಹೌದೇ ಎಂದು ಇನ್ನೊಬ್ಬ ನ್ಯಾಯಾಧೀಶರು ತೀರ್ಮಾನಿಸಬೇಕು. ಗುಂಡು ಹಾರಿಸಿದವರು ಕಟಕಟೆಗೆ ಇಳಿಯಬೇಕು. ತಮ್ಮೆದುರು ನಡೆಯುತ್ತಿದ್ದ ಮೊಕದ್ದಮೆಯನ್ನು ಅವರು ಮುಂದುವರಿಸುವಂತಿಲ್ಲ. ಕಕ್ಷಿಯಾದವನು ನ್ಯಾಯ ಹೇಳುವ ಹಾಗಿಲ್ಲ. ಗುಂಡು ಹಾರಿಸದೆ ಬರೀ ಇಟ್ಟುಕೊಂಡಿದ್ದರೂ ಕಥೆ ಬೇರೆಯೇನಲ್ಲ. ಎದುರಿಗೆ ಕೈಕಟ್ಟಿ ನಿಂತ ಮೆಟ್ರಿಯ ಹೆಣ್ಣುಮಗಳಿಗೆ ಅವರ ಖಾನೆಯಲ್ಲಿ ತುಂಬಿದ ರಿವಾಲ್ವರ್ ಇದೆ ಎಂದು ಗೊತ್ತಾದರೆ, ಆಕೆ ಹೇಳುವ ಮಾತು ಮೊದಲಿನಂತೆಯೇ ಹೊರಬರುವುದಿಲ್ಲ. ಈಗಲೇ ಅರ್ಧ ನುಂಗಿ ಅರ್ಧ ಹೇಳುತ್ತಾಳೆ.

ಹಂಪಿಯ ನೆಲದಲ್ಲಿ ನ್ಯಾಯವನ್ನೂ ಅದರ ಕಾವಲನ್ನೂ ಹಿಂದೆ ಹೇಗೆ ನಡೆಸುತ್ತಿದ್ದರೆಂಬುದಕ್ಕೆ ಕಣ್ಣಾರೆ ಕಂಡವನ ಬರಹವೇ ಇದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಅರಮನೆಯ ಬಲಕ್ಕಿದ್ದ ನಲವತ್ತು ಕಂಬದಂಥ ದೊಡ್ಡ ಚಾವಡಿಯನ್ನು ವರ್ಣಿಸುತ್ತಾನೆ. ನಡುವೆ ಎತ್ತರದ ಜಗಲಿಯ ಮೇಲೆ ದಣ್ಣಾಯಕನೊಬ್ಬನೇ ಕೂತಿರುತ್ತಿದ್ದ. ದಂಡ ಹಿಡಿದ ಚೋಬದಾರರು ಕೆಳಗೆ ಎರಡೂ ಬದಿಗೆ ಸಾಲಾಗಿ ನಿಂತಿರುತ್ತಿದ್ದರು. ದೂರು ತಂದವನು ಆ ಸಾಲುಗಳ ನಡುವೆಯೇ ನಡೆದುಬಂದು, ಹಣೆ ನೆಲಕ್ಕೆ ಮುಟ್ಟಿಸಿ, ಎದ್ದು ನಿಂತು ಹೇಳಿಕೊಳ್ಳಬೇಕಿತ್ತು. ಕಾವಲು ಕೆಳಗೆ, ತೀರ್ಪು ಮೇಲೆ. ಎರಡೂ ಒಂದೇ ಕೈಯಲ್ಲಿರಲಿಲ್ಲ. ಅದೇ ಬರಹದಲ್ಲಿ ಎರಡನೆಯ ದೇವರಾಯನ ಕೊಲೆಯ ಯತ್ನವೂ ಬರುತ್ತದೆ. ಕಠಾರಿ ಹಿಡಿದು ಬಂದವನು ಹೊರಗಿನವನಲ್ಲ, ರಾಜನ ಒಡಹುಟ್ಟಿದವನು. ಹೊಸ ಮನೆಯ ಔತಣದ ನೆಪದಲ್ಲಿ ಹತ್ತಿರ ಬಂದಿದ್ದ. ಸೈನ್ಯವಿಟ್ಟುಕೊಂಡ ರಾಜನನ್ನೇ ಆಯುಧಗಳು ಕಾಯಲಿಲ್ಲ.

ಈಗ ನಮ್ಮ ಕಾಲಕ್ಕೆ, ನಮ್ಮ ಸಂಡೂರು–ಹೊಸಪೇಟೆ–ಕಂಪ್ಲಿಯ ಕೆಂಪು ದೂಳಿಗೆ ಬರೋಣ. ಗಣಿಯ ಉಬ್ಬರದ ವರ್ಷಗಳಲ್ಲಿ ಈ ಸೀಮೆಯಲ್ಲಿ ನ್ಯಾಯದ ಮೇಲೆ ನಡೆದ ದಾಳಿ ಎಂಥದಿತ್ತು? ಗಣಿಧಣಿ ಜನಾರ್ದನ ರೆಡ್ಡಿಯವರಿಗೆ ಓಬಳಾಪುರಂ ಗಣಿ ಪ್ರಕರಣದಲ್ಲಿ 2012ರ ಮೇ ತಿಂಗಳಲ್ಲಿ ಜಾಮೀನು ಕೊಟ್ಟ ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಧೀಶರನ್ನು ಆಂಧ್ರ ಹೈಕೋರ್ಟ್ ಕೆಲವೇ ವಾರಗಳಲ್ಲಿ ಅಮಾನತು ಮಾಡಿತು. ಆ ಜಾಮೀನಿಗಾಗಿ ಕೋಟಿಗಳ ಲಂಚ ಕೈ ಬದಲಾಗಿತ್ತೆಂಬುದು ಆರೋಪ. ಆ ತನಿಖೆಯಲ್ಲಿ ಬಂಧಿತರಾದವರಲ್ಲಿ ಆಗಿನ ಕಂಪ್ಲಿ ಶಾಸಕರೂ ಇದ್ದರು. ಆರೋಪವನ್ನು ಆರೋಪವೆಂದೇ ಇಟ್ಟುಕೊಳ್ಳೋಣ. ಆದರೆ ಆ ದಾರಿಯನ್ನು ಗಮನಿಸಿ. ಅದು ನೋಟಿನ ಕಟ್ಟು ಬರುವ ದಾರಿ. ಅದಕ್ಕೆ .32 ಸಾಕೇ, 9 ಎಂ.ಎಂ. ಬೇಕೇ?

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಚ್.ಪಿ. ಸಂದೇಶ್ 2022ರ ಜುಲೈನಲ್ಲಿ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ತರಾಟೆಗೆ ತೆಗೆದುಕೊಂಡಾಗ ಅವರಿಗೆ ಬಂದದ್ದು ವರ್ಗಾವಣೆಯ ಬೆದರಿಕೆ. ಅವರು ಅದನ್ನು ತುಂಬಿದ ಕೋರ್ಟಿನಲ್ಲೇ ಹೇಳಿಬಿಟ್ಟರು. ಅದಕ್ಕಿಂತ ದೊಡ್ಡ ಆತ್ಮರಕ್ಷಣೆ ನನಗೆ ತಿಳಿಯದು. ಥಾಯ್ಲೆಂಡಿನ ಯಾಲಾದಲ್ಲಿ 2019ರ ಅಕ್ಟೋಬರ್ 4ರಂದು ನಡೆದದ್ದು ಇದರ ಇನ್ನೊಂದು ಮುಖ. ಖನಾಕೊರ್ನ್ ಪಿಯಂಚನಾ ಎಂಬ ನ್ಯಾಯಾಧೀಶರು ಐವರು ಆರೋಪಿಗಳನ್ನು ಸಾಕ್ಷ್ಯ ಸಾಲದೆಂದು ಬಿಡುಗಡೆ ಮಾಡಿದರು. ಶಿಕ್ಷೆ ಕೊಡಿರೆಂದು ಮೇಲಿನಿಂದ ಒತ್ತಡವಿತ್ತೆಂದು ಬರೆದಿಟ್ಟು, ಅದೇ ಕೋರ್ಟ್ ಹಾಲಿನಲ್ಲಿ ತಮ್ಮ ಎದೆಗೇ ಗುಂಡು ಹಾರಿಸಿಕೊಂಡರು. ಅಂದು ಬದುಕಿದರು, ಮರುವರ್ಷ ಮಾರ್ಚಿನಲ್ಲಿ ತೀರಿಕೊಂಡರು. ಪೀಠದ ಮೇಲೆ ಗನ್ ಇದ್ದ ನ್ಯಾಯಾಧೀಶರು ಹೇಗಿರುತ್ತಾರೆಂದು ಕೇಳುವವರಿಗೆ ನಾನು ತೋರಿಸಬಲ್ಲ ಉದಾಹರಣೆ ಇದು. ಒತ್ತಡ ತಂದವರತ್ತ ಹಾರಿಸಬಹುದಾದ ಗುಂಡು ಯಾವ ಕಾರ್ಖಾನೆಯಲ್ಲೂ ತಯಾರಾಗುವುದಿಲ್ಲ.

ನ್ಯಾಯಪೀಠಕ್ಕೆ ಆಯುಧವೇ ಇಲ್ಲವೆಂದು ಇದರ ಅರ್ಥವಲ್ಲ. 2015ರಲ್ಲಿ ರೆಡ್ಡಿಯವರಿಗೆ ಜಾಮೀನು ಕೊಟ್ಟಾಗ ಸುಪ್ರೀಂ ಕೋರ್ಟ್ ಬಳ್ಳಾರಿಗೆ ಕಾಲಿಡಬಾರದೆಂದು ಷರತ್ತು ಹಾಕಿತು. ನಡುನಡುವೆ ಸಿಕ್ಕ ವಿಶೇಷ ಅನುಮತಿಗಳನ್ನು ಬಿಟ್ಟರೆ ಆ ಷರತ್ತು 2024ರ ಸೆಪ್ಟೆಂಬರ್ 30ರವರೆಗೆ ನಿಂತಿತು. ಒಂದು ಕಾಲಕ್ಕೆ ಇಡೀ ಜಿಲ್ಲೆಯನ್ನೇ ಆಳಿದವರೆನಿಸಿಕೊಂಡವರನ್ನು ಒಂದು ಸಾಲಿನ ಆದೇಶ ಸುಮಾರು ಹತ್ತು ವರ್ಷ ಜಿಲ್ಲೆಯ ಗಡಿಯಾಚೆ ನಿಲ್ಲಿಸಿತು. ಸಾಕ್ಷಿಗಳ ರಕ್ಷಣೆಗೆ ಅದಕ್ಕಿಂತ ಬಲವಾದದ್ದನ್ನು ಯಾವ ಗನ್‌ಮ್ಯಾನ್ ಕೊಡಬಲ್ಲ?

ನ್ಯಾಯಾಧೀಶರ ಭಯ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಕರ್ನಾಟಕ ಹೈಕೋರ್ಟಿನ ಹಿಜಾಬ್ ತೀರ್ಪಿನ ನಂತರ 2022ರ ಮಾರ್ಚಿನಲ್ಲಿ ಅದನ್ನು ಕೊಟ್ಟ ಮೂವರು ನ್ಯಾಯಮೂರ್ತಿಗಳಿಗೂ ‘ವೈ’ ಶ್ರೇಣಿಯ ಭದ್ರತೆ ಕೊಡಬೇಕಾಯಿತು, ಕೊಟ್ಟದ್ದು ಸರಿ. ಧನಬಾದಿನ ನ್ಯಾಯಾಧೀಶ ಉತ್ತಮ್ ಆನಂದ್ ಅವರನ್ನು 2021ರ ಜುಲೈ 28ರ ಬೆಳಗಿನ ವಾಯುವಿಹಾರದಲ್ಲಿ ಆಟೋ ಗುದ್ದಿಸಿ ಕೊಂದರು. ಖಾನೆಯ ರಿವಾಲ್ವರ್ ಆ ರಸ್ತೆಯಲ್ಲಿ ಇರುತ್ತಿರಲಿಲ್ಲ. ಹುಬ್ಬಳ್ಳಿಯ ಕೋರ್ಟಿನಲ್ಲಿ 2008ರಲ್ಲಿ, ಮೈಸೂರು ನ್ಯಾಯಾಲಯದ ಆವರಣದಲ್ಲಿ 2016ರಲ್ಲಿ ಬಾಂಬ್ ಸಿಡಿಯಿತು. ಬಾಂಬಿಗೆ ಗುರಿಯಿಡುವುದು ಹೇಗೆ? ನಿಜ ಹೇಳಬೇಕೆಂದರೆ ಕೋರ್ಟಿನಲ್ಲಿ ಹೆಚ್ಚು ಅಪಾಯವಿರುವುದು ಪೀಠದ ಕೆಳಗಿರುವವರಿಗೆ. 2022ರ ಆಗಸ್ಟಿನಲ್ಲಿ ಹೊಳೆನರಸೀಪುರದ ಕೋರ್ಟಿನ ಆವರಣದಲ್ಲೇ ಗಂಡನೊಬ್ಬ ಹೆಂಡತಿಯ ಕತ್ತು ಕೊಯ್ದ. ಆಗಷ್ಟೇ ಇಬ್ಬರನ್ನೂ ಕೂಡಿಸಿ ರಾಜಿಯ ಮಾತು ನಡೆದಿತ್ತು. ಆ ಹೆಣ್ಣುಮಗಳಿಗೂ ಒಂದು ರಿವಾಲ್ವರ್ ಕೊಡಿ ಎಂದು ಯಾರೂ ಕೇಳಲಿಲ್ಲ. ಗೇಟಿನಲ್ಲಿ ಅವನ ಮೈ ತಡಕಿದ್ದರೆ ನ್ಯಾಯಾಧೀಶರೂ ಆಕೆಯೂ ಒಟ್ಟಿಗೇ ಸುರಕ್ಷಿತರಾಗಿರುತ್ತಿದ್ದರು.

ಮಾಡಬೇಕಾದ ಕೆಲಸ ನೀರಸವಾದದ್ದು, ಅದಕ್ಕೇ ಯಾರಿಗೂ ಅದರಲ್ಲಿ ಆಸಕ್ತಿಯಿಲ್ಲ. ಕೆಲಸ ಮಾಡುವ ಮೆಟಲ್ ಡಿಟೆಕ್ಟರ್, ಮಹಿಳೆಯರ ತಪಾಸಣೆಗೆ ಮಹಿಳಾ ಪೇದೆ, ಕಪ್ಪು ಕೋಟಿಗೂ ಗುರುತಿನ ಚೀಟಿ, ಪೀಠಕ್ಕೆ ಬೇರೆ ಬಾಗಿಲು, ಹಂಪಿ ಉತ್ಸವದ ಬಂದೋಬಸ್ತಿಗೂ ಚುನಾವಣೆಗೂ ಎಳೆದೊಯ್ಯದೆ ಕೋರ್ಟಿಗೇ ಮೀಸಲಾದ ಸಿಬ್ಬಂದಿ. ತಮ್ಮನ್ನೂ ತಪಾಸಣೆ ಮಾಡುವುದೆಂದರೆ ಮುನಿಸಿಕೊಳ್ಳುವ ವಕೀಲರು ರೋಹಿಣಿಯ ಕೊಲೆಗಾರರು ಯಾವ ಬಟ್ಟೆಯಲ್ಲಿ ಬಂದಿದ್ದರೆಂದು ನೆನೆಯಲಿ. 2023ರ ಆಗಸ್ಟ್ 11ರಂದು ಪ್ರದ್ಯುಮ್ನ ಬಿಷ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ: ಹೈಕೋರ್ಟುಗಳು ಗೃಹ ಇಲಾಖೆ, ಪೊಲೀಸರ ಜತೆ ಕೂತು ಜಿಲ್ಲಾ ಮಟ್ಟದವರೆಗೆ ಭದ್ರತಾ ಯೋಜನೆ ಮಾಡಬೇಕು, ಕೋರ್ಟುಗಳಿಗೆ ಕಾಯಂ ಭದ್ರತಾ ಘಟಕ, ಸಿಸಿಟಿವಿ, ಪ್ರವೇಶದಲ್ಲಿ ತಪಾಸಣೆ ಇರಬೇಕು. ಹೊಸಪೇಟೆ, ಸಂಡೂರು, ಬಳ್ಳಾರಿಯ ವಕೀಲರ ಸಂಘಗಳು ಗನ್ನಿನ ಮಾತು ಬಿಟ್ಟು ಆ ಆದೇಶದ ಪ್ರತಿ ಹಿಡಿದುಕೊಂಡು ಹೋಗಲಿ. ನಮ್ಮ ಕೋರ್ಟಿನ ಭದ್ರತಾ ಯೋಜನೆ ಎಲ್ಲಿದೆ, ಅದಕ್ಕೆ ಎಷ್ಟು ಹಣ ಇಟ್ಟಿದ್ದೀರಿ ಎಂದು ಲಿಖಿತವಾಗಿ ಕೇಳಲಿ.