ಎಂಟು ಕಾಲಿನ ಮೇಷ್ಟ್ರು

ಎಲೆಕ್ಟ್ರಾನಿಕ್ಸ್ ಅನ್ನು ಆನ್‌ಲೈನಿನಲ್ಲಿ ಕಲಿಯಹೊರಟವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಯಾವ ಕೋರ್ಸ್ ಸೇರಲಿ? ಕೋರ್ಸಿಗೇನೂ ಬರವಿಲ್ಲ. ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮಂಗಳೂರು ಮೂಲದ ಅನಂತ್ ಅಗರ್ವಾಲ್ 2012ರಲ್ಲಿ ಎಂಐಟಿಯ ಸರ್ಕ್ಯೂಟ್ ಪಾಠವನ್ನು ಜಗತ್ತಿಗೆಲ್ಲ ತೆರೆದಿಟ್ಟಾಗ ಸುಮಾರು 1,55,000 ಮಂದಿ ಹೆಸರು ಬರೆಸಿದರು. ಕೊನೆ ಮುಟ್ಟಿ ಪಾಸಾದವರು ಏಳು ಸಾವಿರ ಚಿಲ್ಲರೆ. ಆದ್ದರಿಂದ ನಾನು ತಿರುಗಿ ಕೇಳುತ್ತೇನೆ: ಯಾವ ಸರ್ಕ್ಯೂಟ್ ಕಟ್ಟುತ್ತೀರಿ?

ಮೊದಲ ಮೇಷ್ಟ್ರಾಗಿ ನನ್ನ ಆಯ್ಕೆ 555 ಟೈಮರ್. ಹಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ವಿನ್ಯಾಸ ಮಾಡಿದ ಈ ಎಂಟು ಪಿನ್ನಿನ ಐಸಿ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಇಂದಿಗೂ ಅಗ್ಗಕ್ಕೆ ಸಿಗುತ್ತದೆ. ಅದರೊಳಗೆ ಅನಲಾಗ್ ಅರ್ಧ, ಡಿಜಿಟಲ್ ಅರ್ಧ. ಮೂರು ಸಮ ರೆಸಿಸ್ಟರ್‌ಗಳು ಬ್ಯಾಟರಿಯ ವೋಲ್ಟೇಜನ್ನು ಮೂರು ಪಾಲು ಮಾಡುತ್ತವೆ. ಹೊರಗಿನ ಕೆಪಾಸಿಟರ್ ತುಂಬುತ್ತ ಮೂರರಲ್ಲಿ ಎರಡು ಪಾಲಿಗೆ ಏರಿದಾಗ ವೋಲ್ಟೇಜ್ ಹೋಲಿಸಿ ನೋಡುವ ಒಂದು ಕಂಪ್ಯಾರೇಟರ್ ಎಚ್ಚರಿಸುತ್ತದೆ. ಬರಿದಾಗುತ್ತ ಒಂದು ಪಾಲಿಗೆ ಇಳಿದಾಗ ಇನ್ನೊಂದು. ಎರಡರ ಮಾತು ಕೇಳಿ ಫ್ಲಿಪ್‌ಫ್ಲಾಪ್ ಮಗ್ಗುಲು ಬದಲಿಸುತ್ತದೆ. ನಿಧಾನಕ್ಕೆ ಏರಿಳಿಯುವ ವೋಲ್ಟೇಜು ಇಲ್ಲಿ ‘ಹೌದು’, ‘ಅಲ್ಲ’ ಎಂಬ ಎರಡೇ ಉತ್ತರವಾಗುತ್ತದೆ.

ಮೊದಲು ಫಾಲ್‌ಸ್ಟ್ಯಾಡ್ ಸಿಮ್ಯುಲೇಟರ್ ತೆರೆಯಿರಿ. ಅದು ಬ್ರೌಸರಿನಲ್ಲೇ ಓಡುತ್ತದೆ; ತಂತಿಯಲ್ಲಿ ಕರೆಂಟು ಚುಕ್ಕಿಚುಕ್ಕಿಯಾಗಿ ಹರಿಯುವುದು ಕಾಣುತ್ತದೆ. ಅಲ್ಲಿ 555ಕ್ಕೆ 10 ಕಿಲೋ ಓಮ್, 68 ಕಿಲೋ ಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಟ್ಟರೆ ಎಲ್‌ಇಡಿ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಮಿನುಗುತ್ತದೆ. ಅದನ್ನೇ ಬ್ರೆಡ್‌ಬೋರ್ಡ್ ಮೇಲೆ ಕಟ್ಟಿ. ಲಯ ತುಸು ಬೇರೆಯಾದರೆ ಗಾಬರಿ ಬೇಡ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ತನ್ನ ಮೈಮೇಲೆ ಬರೆದ ಅಳತೆಗಿಂತ ಶೇ 20ರಷ್ಟು ಆಚೀಚೆ ಇರುವುದು ಮಾಮೂಲು.

ಆಮೇಲೆ 555ರ ಔಟ್‌ಪುಟ್ಟನ್ನು 4017 ಕೌಂಟರಿಗೆ ಕೊಡಿ. ಹತ್ತು ಎಲ್‌ಇಡಿಗಳು ಒಂದರ ಹಿಂದೊಂದು ಬೆಳಗುತ್ತವೆ. ಒಂದು ಸಲಕ್ಕೆ ಒಂದೇ ಉರಿಯುವುದರಿಂದ ಹತ್ತಕ್ಕೂ ಸೇರಿ ಒಂದೇ ರೆಸಿಸ್ಟರ್ ಸಾಕು. ಈಗ 555 ತೆಗೆದು ಪುಶ್ ಬಟನ್ ಹಾಕಿ ನೋಡಿ: ಒತ್ತುವುದು ಒಮ್ಮೆ, ಬೆಳಕು ಎರಡು ಮೂರು ಮನೆ ಹಾರುತ್ತದೆ. ಬಟನ್ನಿನೊಳಗಿನ ಲೋಹದ ತುದಿಗಳು ಕೂಡುವಾಗ ಕೆಲವು ಮಿಲಿಸೆಕೆಂಡು ಪುಟಿಯುತ್ತವೆ. ಕೌಂಟರು ಪ್ರತಿ ಪುಟಿತವನ್ನೂ ನಿಯತ್ತಾಗಿ ಎಣಿಸುತ್ತದೆ. ಡಿಜಿಟಲ್ಲಿನ ಈ ಕಾಯಿಲೆಗೆ ಮದ್ದು ಅನಲಾಗಿನದು: ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. 4017ರ ಕ್ಲಾಕ್ ಪಿನ್ನಿನಲ್ಲಿ, ನಿಧಾನಕ್ಕೆ ಏರುವ ವೋಲ್ಟೇಜನ್ನೂ ಒಂದೇ ಖಚಿತ ಜಿಗಿತವಾಗಿಸುವ ಷ್ಮಿಟ್ ಟ್ರಿಗರ್ ಇರುವುದರಿಂದ ಅಷ್ಟೇ ಸಾಕು. ಸಿಮ್ಯುಲೇಟರಿನ ಬಟನ್ ಪುಟಿಯುವುದಿಲ್ಲ. ಹಾಗಾಗಿ ಈ ಪಾಠವೂ ಅಲ್ಲಿ ಸಿಗುವುದಿಲ್ಲ.

ಬ್ರೆಡ್‌ಬೋರ್ಡ್, ಮಲ್ಟಿಮೀಟರ್, 9 ವೋಲ್ಟಿನ ಬ್ಯಾಟರಿ ಮೇಜಿನ ಮೇಲೆ ಬಂದ ಮೇಲೆಯೇ ವಿಡಿಯೊ ಹಚ್ಚಿ. ಒಂದು ಪಾಠ ನೋಡಿದರೆ ಒಂದು ಸರ್ಕ್ಯೂಟ್ ಕಟ್ಟಿ, ಅಳೆದು, ಮುಂದಿನದಕ್ಕೆ ಹೋಗಿ. ಗೋಡೆಯ 230 ವೋಲ್ಟಿನ ಸಾಕೆಟ್ಟಿಗೆ ಮಾತ್ರ, ಪಕ್ಕದಲ್ಲಿ ಬಲ್ಲವರು ಇಲ್ಲದೆ, ಕೈ ಹಾಕಬೇಡಿ.